ಎಡಭುಜದ ಕೋವಿ

ನಮ್ಮ ಮನೆಯಲ್ಲಿ ಕೋವಿಯಿತ್ತು. ಆದರೆ ಅದು ಯಾವ ಜೀವವನ್ನೂ ತೆಗೆದದ್ದಲ್ಲ.

ಚಾಮರಾಜನಗರಕ್ಕೂ ಗುಂಡ್ಲುಪೇಟೆಗೂ ನಡುವೆ, ಕಾಡಿನ ಅಂಚಿಗೆ ಒತ್ತಿಕೊಂಡಂತಿದ್ದ ಊರು ನಮ್ಮದು. ಕಡಲೆಕಾಯಿ ಬಲಿಯುವ ಹೊತ್ತಿಗೆ ಹಂದಿಗಳು ಬರುತ್ತಿದ್ದವು, ಜೋಳ ಹಾಲು ತುಂಬುವ ಹೊತ್ತಿಗೆ ಆನೆಗಳು. ಬೆಳೆ ಕಾಯುವುದಕ್ಕೆಂದು ಸರ್ಕಾರ ಕೊಟ್ಟ ಲೈಸೆನ್ಸಿನ ಮೇಲೆ ಅಪ್ಪ ಜೋಡುನಳಿಗೆಯ ಕೋವಿಯೊಂದನ್ನು ಇಟ್ಟುಕೊಂಡಿದ್ದರು. ಲಿಂಗ ಕಟ್ಟಿದ ಮನೆ, ಮಾಂಸದ ಮಾತೇ ಇಲ್ಲ. ಅಟ್ಟಣೆಯ ಮೇಲೆ ಕೂತು ನಳಿಗೆಯನ್ನು ಆಕಾಶಕ್ಕೆ ಎತ್ತಿ ಒಂದು ಗುಂಡು ಹಾರಿಸಿದರೆ ಸಾಕು, ಹಂದಿಗಳು ಕಾಡು ಸೇರುತ್ತಿದ್ದವು. ಸದ್ದು ನಮ್ಮದು, ಜೀವ ಅವುಗಳದ್ದು ಎಂಬುದು ಅಪ್ಪನ ಲೆಕ್ಕ. ಅಷ್ಟಾದರೂ ಅವ್ವ ಕೋವಿಯನ್ನು ದೇವರಮನೆಯ ಕಡೆಗೆ ಸುಳಿಯಗೊಡುತ್ತಿರಲಿಲ್ಲ. ಅದು ಹೊರಕೋಣೆಯಲ್ಲಿ, ನೊಗ ಮಿಣಿಗಳ ಜೊತೆಗೆ ಗೂಟಕ್ಕೆ ನೇತುಬಿದ್ದಿರುತ್ತಿತ್ತು.

ಅಂಥ ಮನೆಯಲ್ಲಿ ಹುಟ್ಟಿದ ನನಗೆ ಗುರಿಯ ಹುಚ್ಚು ಹಿಡಿದದ್ದು ಗುಂಡ್ಲುಪೇಟೆಯಲ್ಲಿ. ಐವತ್ತರ ದಶಕದ ನಡುವಿನ ಮಾತು. ಮದುವೆಯಾಗಿ ಹೆಚ್ಚು ದಿನವಾಗಿರಲಿಲ್ಲ. ಈರುಳ್ಳಿ ಗಾಡಿ ಹೊಡೆದುಕೊಂಡು ಮಂಡಿಗೆ ಹೋಗಿದ್ದೆ. ಈರುಳ್ಳಿ ಇಳಿಸಿ ಎತ್ತುಗಳಿಗೆ ಹುಲ್ಲು ಹಾಕುತ್ತಿದ್ದಾಗ ಕೇರಳದ ರಸ್ತೆ ಕಡೆಯಿಂದ ಢಮ್ ಢಮ್ ಎಂದು ಗುಂಡಿನ ಸದ್ದು ಕೇಳಿತು. ಮದುವೆಯ ಮೆರವಣಿಗೆಯ ಗರ್ನಾಲಿನ ಸದ್ದಲ್ಲ ಅದು, ತೋಟಾದ ಸದ್ದು. ಪಕ್ಕದಲ್ಲಿ ಕಡಲೆಕಾಯಿ ಮಾರುತ್ತಿದ್ದ ಮುದುಕನೊಬ್ಬನನ್ನು ಏನೆಂದು ಕೇಳಿದೆ. ಬತ್ತಿದ ಕೆರೆ ಅಂಗಳದಲ್ಲಿ ಕಾಫಿತೋಟದವರು ಬಂದಿದ್ದಾರೆ ಎಂದ ಅವನು, ತಲೆ ಕೆರೆದುಕೊಂಡು ಹೇಳಿದ: "ಮಣ್ಣಿನ ಅಕ್ಕಿ ಹೊಡೀತಾರಂತೆ ಕಣ್ಲಾ. ಅಕ್ಕೀನ ಯಾಕೆ ಹೊಡೀಬೇಕು, ಬೇಯ್ಸ್ಕಂಡ್ರೆ ಸಾಲ್ದಾ?"

ಹಕ್ಕಿಗೂ ಅಕ್ಕಿಗೂ ನಮ್ಮ ಕಡೆಯ ಬಾಯಲ್ಲಿ ವ್ಯತ್ಯಾಸವಿಲ್ಲ. ನಗುತ್ತಲೇ ನೋಡಲು ಹೋದೆ.

ಕೆರೆ ಅಂಗಳದಲ್ಲಿ ಗುಂಡಿ ತೋಡಿ, ಅದರೊಳಗೆ ಸ್ಪ್ರಿಂಗಿನ ಯಂತ್ರವೊಂದನ್ನು ಕೂರಿಸಿದ್ದರು. ಊಟದ ತಟ್ಟೆಯ ಕಾಲು ಭಾಗದಷ್ಟಿದ್ದ ಕಪ್ಪು ಬಿಲ್ಲೆಗಳನ್ನು ಯಂತ್ರದ ತೋಳಿಗೆ ಇಟ್ಟು ಬಿಟ್ಟರೆ ಬಿಲ್ಲೆ ಹಕ್ಕಿಯಂತೆಯೇ ಬೀಸಿಕೊಂಡು ಹಾರುತ್ತಿತ್ತು. ಹೊಡೆಯುವವರು ನಿಂತ ಜಾಗವೂ ಯಂತ್ರದ ದಿಕ್ಕೂ ಬದಲಾದಂತೆ ಒಂದೊಂದು ಬಗೆ: ಒಂದು ಬೆನ್ನ ಹಿಂದಿನಿಂದ ತಲೆಯ ಮೇಲೆ ಹಾಯ್ದು ಹೋಗುವುದು, ಇನ್ನೊಂದು ಅಡ್ಡಕ್ಕೆ ಸರಿಯುವುದು, ಮತ್ತೊಂದು ನೆಲದ ಮೇಲೆಯೇ ಮೊಲದಂತೆ ಕುಪ್ಪಳಿಸುತ್ತಾ ಉರುಳುವುದು. ತೋಟಾದೊಳಗಿನ ಸೀಸದ ಚರೆ ತಾಕಿದರೆ ಬಿಲ್ಲೆ ಕಪ್ಪು ಹೊಗೆಯಾಗಿ ಒಡೆದು ಹೋಗುತ್ತಿತ್ತು. ರಕ್ತವಿಲ್ಲ, ಒದ್ದಾಟವಿಲ್ಲ. ಇದನ್ನು ನೋಡಿದೊಡನೆ ನನಗೆ ಏನನ್ನಿಸಿತೆಂದರೆ, ನಮ್ಮ ಮನೆಯಂಥವರಿಗಾಗಿಯೇ ಯಾರೋ ಯೋಚಿಸಿ ಮಾಡಿದ ಆಟ ಇದು.

ಆಟ ನಡೆಸುತ್ತಿದ್ದವರು ಘಟ್ಟದ ಆಚೆಯ ಕಾಫಿತೋಟವೊಂದರ ಯಜಮಾನರು. ನರೆತ ಮೀಸೆ, ತಲೆಗೆ ಹ್ಯಾಟು, ಮಲಯಾಳದ ರಾಗ ಬೆರೆತ ಕನ್ನಡ. ಲೈಸೆನ್ಸ್ ಇದ್ದ ಯಾರು ಬೇಕಾದರೂ ಬರಬಹುದು ಎಂದು ಅವರು ಸಾರಿ ಹೇಳುತ್ತಿದ್ದರು. ಮಾರನೆಯ ದಿನವೂ ಆಟವಿದೆ ಎಂದು ತಿಳಿದು, ಊರಿಗೆ ಓಡಿ, ಅಪ್ಪನನ್ನು ಕಾಡಿ ಬೇಡಿ ಕೋವಿಯ ಜೊತೆಗೆ ಅಪ್ಪನನ್ನೂ ಕರೆದುಕೊಂಡು ಬಂದೆ. ಲೈಸೆನ್ಸಿನಲ್ಲಿ ನನ್ನ ಹೆಸರೂ ಇತ್ತು.

ಐದು ಬಿಲ್ಲೆ ಕೊಟ್ಟರು. ಐದೂ ಹೋದವು. ಒಂದರ ಅಂಚು ಕೂಡ ಹಾರಲಿಲ್ಲ. ಅಪ್ಪನ ಕೋವಿ ಭಾರ, ಭುಜಕ್ಕೆ ಆನಿಸುವ ಹಿಂಬದಿಯ ಮರ ಉದ್ದ. ಭುಜದ ಮೂಳೆ ಕೆಂಡದಂತೆ ಉರಿಯಿತು. ತೋಟದ ಯಜಮಾನರು ನನ್ನ ಬೆನ್ನ ಹಿಂದೆ ಬಗ್ಗಿ ನಿಂತು ನೋಡಿದವರು, ನಿಮ್ಮ ಚರೆ ಎಲ್ಲಾ ಎಡಕ್ಕೆ ಹೋಗುತ್ತಿದೆ, ಒಂದೇ ಸಮ ಎಡಕ್ಕೆ, ಯಾಕೆಂದು ಯೋಚನೆ ಮಾಡಿ ಎಂದರು. ಅಷ್ಟರಲ್ಲಿ ಮುಂದಿನವರ ಸರದಿ ಬಂತು. ಗಾಡಿಯಲ್ಲಿ ಕೂತ ಮೇಲೆ ಅಪ್ಪ, ತೋಟಾ ದಂಡವಾಯಿತು ಎಂದಷ್ಟೇ ಅಂದರು.

ಯಾಕೆಂದು ಹೇಳಿದ್ದು ನನ್ನ ಹೆಂಡತಿ. ಅವಳು ಕುದೇರಿನವಳು. ಕಡಿಮೆ ಮಾತು, ಆದರೆ ಕಣ್ಣು ಬಲು ಚುರುಕು. ಅವಳು ಜಗಲಿಯಲ್ಲಿ ಹುರುಳಿ ಆರಿಸುತ್ತಾ ಕೂತಿದ್ದಾಗ ನಾನು ದನ ಅಟ್ಟುವ ಕೋಲನ್ನು ಬಲಭುಜಕ್ಕೆ ಆನಿಸಿಕೊಂಡು, ಹೇಗೆ ನಿಂತೆ, ಹೇಗೆ ಹೊಡೆದೆ ಎಂದು ತೋರಿಸುತ್ತಿದ್ದೆ. ಅವಳು ಮೊರ ಕೆಳಗಿಟ್ಟು ನನ್ನೆದುರು ಬಂದು ನಿಂತಳು. ತನ್ನ ಮೂಗಿಗೆ ಬೆರಳು ಮಾಡಿ ತೋರಿಸಲು ಹೇಳಿದಳು. ತೋರಿಸಿದೆ. ಇನ್ನೊಂದು ಸಲ ತೋರಿಸಲು ಹೇಳಿದಳು.

"ನೀವು ಎಡಗಣ್ಣಲ್ಲಿ ಗುರಿ ನೋಡೋದು ಕಣೀ," ಎಂದಳು. "ಬೆರಳ್ ಮಡಗಿರೋದು ಬಲಗೈದು. ಆದ್ರೂವೆ ತುದಿ ಬಂದು ಎಡಗಣ್ಣಿನ್ ನೇರಕ್ಕೇ ನಿಲ್ತದೆ. ಕೋಲೂ ಅಂಗೇಯ."

ನಾನು ನಂಬಲಿಲ್ಲ. ಅಂಗಳದ ಬೇವಿನ ಮರದ ಒಂದು ಗಂಟಿಗೆ ಹೆಬ್ಬೆರಳು ಎತ್ತಿ ಹಿಡಿದು, ಒಂದೊಂದೇ ಕಣ್ಣು ಮುಚ್ಚಿ ನೋಡಿದೆ. ಬಲಗಣ್ಣು ಮುಚ್ಚಿದರೆ ಬೆರಳು ಗಂಟಿನ ಮೇಲೆಯೇ ಕೂತಿತ್ತು. ಎಡಗಣ್ಣು ಮುಚ್ಚಿದೊಡನೆ ಬೆರಳು ಮರವನ್ನೇ ಬಿಟ್ಟು ಹಾರಿಹೋಯಿತು. ಕೋವಿ ಬಲಭುಜದಲ್ಲಿ, ನೋಡುವ ಕಣ್ಣು ಎಡಗಡೆ. ಚರೆ ಎಡಕ್ಕೆ ಹೋಗದೆ ಇನ್ನೆಲ್ಲಿಗೆ ಹೋದೀತು?

ಇಲ್ಲಿ ಒಂದು ಹಳೆಯ ಸಂಗತಿ ಹೇಳಬೇಕು. ಹುಟ್ಟಿದಾಗ ನಾನು ಎಡಚ. ತುತ್ತು ಎತ್ತುವುದು, ಕಲ್ಲು ಬೀಸುವುದು, ಬಳಪ ಹಿಡಿಯುವುದು ಎಲ್ಲವೂ ಎಡಗೈಯಲ್ಲಿ. ಪೂಜೆ ಮಾಡುವ ಮನೆಯಲ್ಲಿ ಅದನ್ನು ಯಾರು ಒಪ್ಪುತ್ತಾರೆ? ಊಟಕ್ಕೆ ಕೂತಾಗ ಅಪ್ಪ ತಮ್ಮ ಹೆಗಲ ವಲ್ಲಿಯಿಂದ ನನ್ನ ಎಡಗೈಯನ್ನು ಸೊಂಟಕ್ಕೆ ಕಟ್ಟಿ ಕೂರಿಸುತ್ತಿದ್ದರು. ಹೊಡೆಯುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಗಂಟು ಬಿಗಿಯದಂತೆ ಬೆರಳು ತೂರಿಸಿ ನೋಡಿಯೇ ಕಟ್ಟುತ್ತಿದ್ದರು. ಅವ್ವ ಮುದ್ದೆಯ ಬಿಸಿ ಆರುವವರೆಗೂ ಕಾಯುತ್ತಿದ್ದಳು. ಹೀಗೆ ನಾನು ಬಲಗೈಯವನಾದೆ. ಎಷ್ಟರಮಟ್ಟಿಗೆ ಆದೆನೆಂದರೆ ಎಡಚನಾಗಿದ್ದೆ ಎಂಬುದೇ ಮರೆತುಹೋಗಿತ್ತು.

ಮಾರನೆಯ ದಿನ ಹೊಲಕ್ಕೆ ಹೋಗಿ ಅಪ್ಪನ ಕೋವಿಯನ್ನು ಎಡಭುಜಕ್ಕೆ ಏರಿಸಿ ನೋಡಿದೆ. ಕೈಕಾಲು ತಾವಾಗಿಯೇ ಸರಿಯಾದ ಜಾಗಕ್ಕೆ ಬಂದು ನಿಂತವು. ಪರದೇಶದಲ್ಲಿ ಅಲೆದು ಅಲೆದು ಸ್ವಂತ ಹಟ್ಟಿಗೆ ಬಂದಂತಾಯಿತು. ಆದರೆ ಗುಂಡು ಹಾರಿದೊಡನೆ ಹಿಂಬದಿಯ ಮರ ಕೆನ್ನೆಯ ಮೂಳೆಗೆ ಒದ್ದಿತು. ಬಲಭುಜಕ್ಕೆ ಇಡುವವರ ಮುಖಕ್ಕೆ ಹೊಂದಲೆಂದು ಆ ಮರವನ್ನು ಸ್ವಲ್ಪ ಹೊರಕ್ಕೆ ಬಾಗಿಸಿ ಮಾಡಿರುತ್ತಾರೆ, ಎಡಗಡೆಗೆ ಇಟ್ಟರೆ ಆ ಬಾಗೇ ಕೆನ್ನೆಗೆ ನುಗ್ಗುತ್ತದೆ ಎಂಬುದು ಆಮೇಲೆ ತಿಳಿಯಿತು.

ಸಂಜೆ ಅಪ್ಪ ನನ್ನ ಊದಿದ ಕೆನ್ನೆ ನೋಡಿ, ಏನಾಯಿತೆಂದು ಕೇಳಿದರು. ಮುಚ್ಚಿಡುವಂಥದ್ದೇನೂ ಇರಲಿಲ್ಲ. ಕಣ್ಣಿನ ವಿಷಯ, ಕೈಯ ವಿಷಯ, ಮರದ ಬಾಗಿನ ವಿಷಯ ಎಲ್ಲವನ್ನೂ ಹೇಳಿದೆ. ಅಪ್ಪ ಕೇಳಿಸಿಕೊಂಡು ಎದ್ದು ಕೊಟ್ಟಿಗೆಗೆ ಹೋದರು. ಆಮೇಲೆ ಒಂದು ವಾರ ನನ್ನ ಜೊತೆ ಬೇಸಾಯದ ಮಾತು ಬಿಟ್ಟರೆ ಬೇರೆ ಮಾತಾಡಲಿಲ್ಲ. ಕೋಪವಿರಬೇಕು ಎಂದುಕೊಂಡೆ. ಊಟಕ್ಕೆ ಕೂತಾಗ ಮಾತ್ರ ಅವರ ಕಣ್ಣು ನನ್ನ ಕೈಯ ಕಡೆ ಹೋಗಿ ಬರುತ್ತಿತ್ತು.

ವಾರ ಕಳೆದ ಮೇಲೆ, ಕಳೆ ಕೀಳುತ್ತಿದ್ದಾಗ, ಮುಖ ಎತ್ತದೆಯೇ ಅಪ್ಪ ಹೇಳಿದರು: "ನಾಳಿಕೆ ನಗರಕ್ಕೋಗಿ ರೈಲು ಅತ್ತನ. ಮೈಸೂರ್ನಲ್ಲಿ ಕೋವಿ ಅಂಗ್ಡಿ ಅದೆ."

ಅಪ್ಪ ತಮ್ಮ ಕೋವಿಯನ್ನು ಗೋಣಿಯಲ್ಲಿ ಸುತ್ತಿ ತಂದಿದ್ದರು. ಚಾಮರಾಜನಗರದಿಂದ ಹೊರಟ ರೈಲಿನಲ್ಲಿ ಅದು ನಮ್ಮಿಬ್ಬರ ಮೊಣಕಾಲುಗಳ ನಡುವೆ ನಿಂತಿತ್ತು. ರಿಪೇರಿಗೆ ಇರಬೇಕೆಂದು ನಾನು ಭಾವಿಸಿದ್ದೆ.

ಅಂಗಡಿ ಚಿಕ್ಕದು, ಎಣ್ಣೆಯ ವಾಸನೆ. ಅಂಗಡಿಯವರು ವಯಸ್ಸಾದವರು, ಕನ್ನಡಕ ಮೂಗಿನ ತುದಿಗೆ ಇಳಿದಿತ್ತು. ಏನು ಬೇಕೆಂದು ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಹೇಳಿದರು.

"ನಮ್ಮುಡುಗ ಎಡಚ. ಎಡಗಡೆ ಭುಜಕ್ಕೆ ಒಂದುವಂತದ್ದು ತೋರ್ಸಿ. ಚಿಕ್ಕೋನಾಗಿದ್ದಾಗ ನಾನೇ ಕೈ ಕಟ್ಟಿ ಬುಡ್ಸ್ಬುಟ್ಟೆ. ಕೈ ಕಟ್ಬೋದು, ಕಣ್ಣ ಕಟ್ಟಕ್ಕಾಯ್ತದಾ ಸ್ವಾಮಿ?"

ಅಂಗಡಿಯವರು ನಕ್ಕರು. ಅಪ್ಪ ನಗಲಿಲ್ಲ. ನಾನು ಗೋಡೆಯ ಮೇಲಿದ್ದ ಕೋವಿಗಳನ್ನು ನೋಡುತ್ತಾ ನಿಂತೆ. ಎಡಚ ಎಂಬ ಮಾತನ್ನು ಅಪ್ಪನ ಬಾಯಿಂದ ಅಷ್ಟು ಸಾದಾ ದನಿಯಲ್ಲಿ ನಾನು ಹಿಂದೆಂದೂ ಕೇಳಿರಲಿಲ್ಲ.

ಮೊದಲು ತೆಗೆದದ್ದು ಇಂಗ್ಲೆಂಡಿನ ಕೋವಿ, ಯಾವುದೋ ಅರಸು ಮನೆತನದಿಂದ ಬಂದದ್ದಂತೆ. ಉಕ್ಕಿನ ಮೇಲೆ ಬೆಳ್ಳಿ ಬಣ್ಣದ ಬಳ್ಳಿ, ಬಳ್ಳಿಯ ನಡುವೆ ಹಾರುವ ಬಾತುಗಳು. ಅಪ್ಪ ಬೆರಳಿನಿಂದ ಒಂದೊಂದು ಬಾತನ್ನೂ ಸವರಿದರು. ನನಗೂ ಅದರ ಮೇಲೆಯೇ ಆಸೆ ಹುಟ್ಟಿತು. ಅಂಗಡಿಯವರು ನನ್ನ ಕಣ್ಣು ಮುಚ್ಚಿಸಿ, ಕೋವಿಯನ್ನು ಎಡಭುಜಕ್ಕೆ ಏರಿಸಿ ಕೆನ್ನೆ ಇಟ್ಟು, ಆಮೇಲೆ ಕಣ್ಣು ತೆರೆಯಲು ಹೇಳಿದರು. ತೆರೆದರೆ ನಳಿಗೆಯ ಬೆನ್ನು ಕಾಣಲಿಲ್ಲ, ಪಕ್ಕದ ಉಕ್ಕು ಕಂಡಿತು. ಕತ್ತು ಸೊಟ್ಟ ಮಾಡಿದರೆ ಮಾತ್ರ ನಳಿಗೆಯ ತುದಿಗಿರುವ ಗುರಿಯ ಮಣಿ ಕಣ್ಣಿಗೆ ಬೀಳುತ್ತಿತ್ತು. ಅವರು ತಲೆಯಾಡಿಸಿದರು. ಕೋವಿಗೆ ಮನುಷ್ಯ ಬಾಗಬಾರದು, ಹಾರುವುದನ್ನು ಹೊಡೆಯುವಾಗ ಬಾಗಲು ಪುರುಸೊತ್ತಿರುವುದಿಲ್ಲ ಎಂದರು.

ಎರಡನೆಯದು ಬಲು ಹಗುರ. ಒಂದೇ ಕೈಯಲ್ಲಿ ಎತ್ತಬಹುದಿತ್ತು. ನಾನು ಹಿಗ್ಗಿದೆ. ಹಗುರ ಕೋವಿ ಬೇಗ ಏಳುತ್ತದೆ, ಆದರೆ ಬೀಸುವಾಗ ಬೇಗ ನಿಂತೂ ಬಿಡುತ್ತದೆ, ಒದೆತವೂ ಹೆಚ್ಚು, ದಿನವೆಲ್ಲ ಬಿಲ್ಲೆ ಹೊಡೆದರೆ ರಾತ್ರಿ ಮಗ್ಗುಲು ಹೊರಳಲಾಗದು ಎಂದು ಅಂಗಡಿಯವರು ಅದನ್ನೂ ತೆಗೆದಿಟ್ಟರು.

ಮೂರನೆಯದನ್ನು ಒಳಗಿನಿಂದ ತಂದರು. ಬೆಲ್ಜಿಯಂ ಕಡೆಯದು. ಉಕ್ಕಿನ ಮೇಲೆ ಒಂದು ಗೆರೆಯ ಚಿತ್ತಾರವೂ ಇಲ್ಲ. ಮರದ ಬಣ್ಣ ಅಲ್ಲಲ್ಲಿ ಹೋಗಿತ್ತು. ಆದರೆ ಹಿಂಬದಿಯ ಮರ ಎತ್ತಲೂ ಬಾಗದೆ ನೆಟ್ಟಗಿತ್ತು. ಕಣ್ಣು ಮುಚ್ಚಿ ಏರಿಸಿದೆ. ಕಣ್ಣು ತೆರೆದಾಗ ನಳಿಗೆಯ ಬೆನ್ನು ನೇರ ಹಾದಿಯಂತೆ ಚಾಚಿತ್ತು, ಅದರ ತುದಿಯಲ್ಲಿ ಮಣಿ. ಬೀದಿಯಾಚೆಯ ಮಹಡಿಯ ಮೇಲಿದ್ದ, ಗಾಳಿಯ ದಿಕ್ಕು ತೋರುವ ತಗಡಿನ ಕೋಳಿ ಆ ಮಣಿಯ ಮೇಲೆ ಕೂತಿತ್ತು. ಇಳಿಸಿ ಮತ್ತೆ ಏರಿಸಿದೆ. ಮತ್ತೆ ಅಲ್ಲೇ. ಒಂದು ನಳಿಗೆಯ ಬಾಯಿ ಸಡಿಲ, ಹತ್ತಿರದ ಬಿಲ್ಲೆಗೆ ಚರೆ ಅಗಲವಾಗಿ ಹರಡುತ್ತದೆ. ಇನ್ನೊಂದರ ಬಾಯಿ ಬಿಗಿ, ದೂರದ್ದಕ್ಕೆ ಅದು. ಇದು ಅಂಗಡಿಯವರು ಹೇಳಿದ್ದು.

ನನ್ನ ಕಣ್ಣು ಇನ್ನೂ ಬಾತುಗಳ ಕೋವಿಯ ಮೇಲೆಯೇ ಇತ್ತು ಎಂಬುದು ನಿಜ. ಚಂದದ್ದನ್ನು ಬಿಟ್ಟು ಹೊಂದುವುದನ್ನು ಆರಿಸುವುದು ಹೇಳಿದಷ್ಟು ಸುಲಭವಲ್ಲ. ಮೂರನೆಯದನ್ನು ಇನ್ನೊಂದು ಸಲ ಏರಿಸಿದೆ. ಕೆನ್ನೆಗೆ ಆ ಮರ ತಣ್ಣಗೆ ಒತ್ತಿಕೊಂಡಿತು. ಇದೇ ಇರಲಿ ಎಂದೆ.

ಆಗ ಅಪ್ಪ ಗೋಣಿ ಬಿಚ್ಚಿದರು. ತಮ್ಮ ಕೋವಿಯನ್ನು ಹೆಗಲ ವಲ್ಲಿಯಿಂದ ನಳಿಗೆಯ ಉದ್ದಕ್ಕೂ ಒಮ್ಮೆ ಒರೆಸಿ, ಅಂಗಡಿಯವರ ಮುಂದೆ ಇಟ್ಟರು. ಅದನ್ನು ಕೊಟ್ಟು ಇದನ್ನು ಕೊಳ್ಳುವುದೆಂದು ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಬಂದಿದ್ದರು. ನಾನು ಬೇಡವೆಂದೆ. ಅದು ನನಗೆ ಬುದ್ಧಿ ಬಂದಾಗಿನಿಂದ ಅವರ ಹೆಗಲ ಮೇಲೆ ಕಂಡ ಕೋವಿ. ಒಂದು ಮನೆಗೆ ಎರಡು ಕೋವಿ ಯಾಕೆ, ಹಂದಿ ಓಡಿಸಲು ಹೊಸದಕ್ಕೂ ಸದ್ದು ಇದ್ದೇ ಇದೆಯಲ್ಲ ಎಂದು ಅಪ್ಪ ಮಾತು ಮುಗಿಸಿದರು. ಲೈಸೆನ್ಸಿನಲ್ಲಿ ಹಳೆಯದನ್ನು ಹೊಡೆದುಹಾಕಿಸಿ ಹೊಸದನ್ನು ಬರೆಸಿದ ಮೇಲೆ ಕೋವಿ ನಮ್ಮ ಹೊರಕೋಣೆಗೆ ಬಂತು.

ಕೋವಿ ಬಂದ ಮಾತ್ರಕ್ಕೆ ಬಿಲ್ಲೆ ಒಡೆಯುವುದಿಲ್ಲ. ಅಭ್ಯಾಸಕ್ಕೆ ನಮ್ಮಲ್ಲಿ ಯಂತ್ರವಿಲ್ಲ. ಹಾರುವ ಗಿಳಿಗಳ ಮೇಲೆ ಬರಿಯ ಕೋವಿ ತಿರುಗಿಸಿ ಕೈ ಪಳಗಿಸಿಕೊಳ್ಳೋಣವೆಂದರೆ ಅವ್ವ ಬಿಡಲಿಲ್ಲ. ತೋಟಾ ಇಲ್ಲದಿದ್ದರೂ ಗುರಿ ಗುರಿಯೇ, ಹಕ್ಕಿಗೆ ಅದು ಗೊತ್ತಾಗುತ್ತದೆಯೇ ಎಂದಳು. ಕೊನೆಗೆ ಅಪ್ಪನಿಗೆ ಹೊಳೆದದ್ದು ಬೆರಣಿ. ಕುಯ್ಲಾಗಿ ಬರಿದಾದ ಹೊಲದಲ್ಲಿ, ದನಗಳೆಲ್ಲ ಅತ್ತ ಕಡೆ ಹೋದ ಮೇಲೆ, ಅಪ್ಪ ಬದುವಿನ ಹಿಂದೆ ತಗ್ಗಿನಲ್ಲಿ ಕೂತು, ಒಣಗಿದ ಚಿಕ್ಕ ಬೆರಣಿಗಳನ್ನು ಬೀಸಿ ಎಸೆಯುತ್ತಿದ್ದರು. ಚರೆ ತಾಕಿದರೆ ಬೆರಣಿ ಪುಡಿಪುಡಿ. ಮೊದಮೊದಲು ಪುಡಿಯಾದವು ಬಹಳ ಕಡಿಮೆ. ತೋಟಾ ಉಳಿಸಬೇಕಾದ್ದರಿಂದ ಹೆಚ್ಚಿನ ದಿನ ಬರಿಯ ಕೋವಿಯಲ್ಲೇ ಹಿಂಬಾಲಿಸುವುದು. ಹೆಂಡತಿ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. ಬೆರಣಿಯನ್ನಲ್ಲ, ನನ್ನ ಕೈಯನ್ನು. ಟ್ರಿಗರ್ ಒತ್ತುವ ಹೊತ್ತಿಗೆ ಕೋವಿ ನಿಂತುಬಿಡುತ್ತದೆ ಎಂದು ಅವಳೇ ಕಂಡುಹಿಡಿದಳು.

ಅದಕ್ಕೆ ಮದ್ದು ಹೇಳಿದ್ದು ಅಪ್ಪ. ಹರೆಯದಲ್ಲಿ ಅವರು ಅಟ್ಟಣೆಯ ಮೇಲೆ ನಿಂತು ಕವಣೆ ಬೀಸಿ ಗಿಳಿಗಳನ್ನು ಎಬ್ಬಿಸುತ್ತಿದ್ದವರು. "ಕಲ್ಲು ಬುಟ್ಟ ಮ್ಯಾಲೂ ಕೈ ಓಗ್ತಾನೇ ಇರ್ಬೇಕು ಕಣ್ಲಾ," ಎಂದರು. "ಬುಟ್ಟೆ ಅಂತ ಕೈ ನಿಲ್ಲುಸ್ದೆ ಅಂದ್ರೆ ಕಲ್ಲು ಕಾಲ್ತಾವ್ಕೇ ಬೀಳ್ತದೆ. ಕೋವೀನ ನೋಡ್ಬ್ಯಾಡ. ಓಗೋದ್ನೇ ನೋಡು."

ಹೋಗುವುದನ್ನೇ ನೋಡು. ಇಷ್ಟು ಕಲಿಯಲು ನನಗೆ ಒಂದು ಬೇಸಗೆ ಹಿಡಿಯಿತು. ಮಣಿಯನ್ನು ನೋಡಿದರೆ ಬೆರಣಿ ತಪ್ಪುತ್ತಿತ್ತು, ಅಳೆಯಲು ಹೋದರೆ ತಪ್ಪುತ್ತಿತ್ತು. ಬೆರಣಿಯ ಮುಂದಿನ ಅಂಚಿನಲ್ಲಿ ಕಣ್ಣು ನೆಟ್ಟು, ಕೈಯನ್ನು ಅದರ ಪಾಡಿಗೆ ಬಿಟ್ಟರೆ ಒಡೆಯುತ್ತಿತ್ತು. ಒಲೆಗೆ ಬೆರಣಿ ಸಾಲದೆಂದು ಅವ್ವ ಗೊಣಗತೊಡಗಿದಾಗ ನನ್ನ ಕೈ ಕುದುರಿತ್ತು ಎಂದು ಅರ್ಥ.

ಮುಂದಿನ ವರ್ಷ ಕುಯ್ಲು ಮುಗಿದ ಮೇಲೆ ತೋಟದ ಯಜಮಾನರು ಮತ್ತೆ ಗುಂಡ್ಲುಪೇಟೆಗೆ ಬಂದರು. ಈ ಸಲ ಪಂದ್ಯ. ಹೆಂಡತಿ ಬಾಣಂತನಕ್ಕೆ ಕುದೇರಿಗೆ ಹೋಗಿದ್ದಳು. ಅವ್ವ ಕಟ್ಟಿಕೊಟ್ಟ ರೊಟ್ಟಿ, ಹುಚ್ಚೆಳ್ಳು ಚಟ್ನಿಯ ಗಂಟು ಹಿಡಿದು ನಾನೂ ಅಪ್ಪನೂ ಹೊರಟೆವು.

ಒಬ್ಬೊಬ್ಬರಿಗೆ ಐವತ್ತು ಬಿಲ್ಲೆ, ಐದು ಜಾಗಗಳಲ್ಲಿ ನಿಂತು ಹೊಡೆಯಬೇಕು. ಹ್ಯಾಟಿನ ತೋಟದವರು, ಒಬ್ಬಿಬ್ಬರು ಅಧಿಕಾರಿಗಳು, ಬೆಳೆ ಕಾಯುವ ಕೋವಿ ಹೊತ್ತ ನಮ್ಮಂಥ ಕೆಲವರು. ಚಾಮರಾಜನಗರದಿಂದ ಒಬ್ಬ ನಿವೃತ್ತ ಸುಬೇದಾರರು ಬಂದಿದ್ದರು. ನೀಳ ದೇಹ, ಇಸ್ತ್ರಿ ಮಾಡಿದ ಖಾಕಿ ಅಂಗಿ. ನಾನು ಎಡಭುಜಕ್ಕೆ ಕೋವಿ ಏರಿಸಿದ್ದನ್ನು ಕಂಡು ಹಿಂದೆ ಯಾರೋ, ಎಡಗೈಯವನಿಂದ ಏನಾದೀತು ಎಂದರು. ಸುಬೇದಾರರು ತಿರುಗಿ ನೋಡಿ, ಯುದ್ಧದಲ್ಲಿ ತಾವು ಕಂಡ ಒಳ್ಳೆಯ ಗುರಿಕಾರನೊಬ್ಬ ಎಡಚನೇ ಎಂದು ಹೇಳಿ ಅವರ ಬಾಯಿ ಮುಚ್ಚಿಸಿದರು.

ಮೊದಲ ಜಾಗದಲ್ಲಿ ಬಿಲ್ಲೆ ಬೆನ್ನ ಹಿಂದಿನಿಂದ ತಲೆಯ ಮೇಲೆ ಬರುವುದು. ಅದು ಕಣ್ಣಿಗೆ ಬಿದ್ದಾಗಲೇ ದೂರ ಸರಿಯುತ್ತಿರುತ್ತದೆ. ಮೊದಲನೆಯದೇ ಹೊಗೆಯಾಗಿ ಒಡೆಯಿತು. ಅಡ್ಡಕ್ಕೆ ಹಾಯುವ ಬಿಲ್ಲೆಗಳೂ ಚೆನ್ನಾಗಿಯೇ ನಡೆದವು. ಎಡವಿದ್ದು ಮೂರನೆಯದರಲ್ಲಿ, ನೆಲದ ಮೇಲೆ ಉರುಳುವ ಮೊಲದಲ್ಲಿ. ಬೆರಣಿ ನೆಲದ ಮೇಲೆ ಉರುಳುವುದಿಲ್ಲವಾದ್ದರಿಂದ ಅದರ ಅಭ್ಯಾಸವೇ ಇರಲಿಲ್ಲ. ಬಿಲ್ಲೆ ಕಲ್ಲಿಗೆ ತಾಕಿ ನೆಗೆಯುತ್ತಿತ್ತು, ನಾನು ಅಳೆಯತೊಡಗಿದೆ. ಒಂದರ ಹಿಂದೆ ಒಂದು ತಪ್ಪಿದವು. ಹಿಂದೆ ಹುಣಿಸೆ ಮರದ ಕೆಳಗೆ ಕೂತಿದ್ದ ಅಪ್ಪನ ಕಡೆ ನೋಡಿದೆ. ಅಪ್ಪ ನನ್ನನ್ನು ನೋಡುತ್ತಿರಲಿಲ್ಲ, ಬಿಲ್ಲೆ ಉರುಳಿ ನಿಂತ ಜಾಗವನ್ನೇ ನೋಡುತ್ತಿದ್ದರು. ಅದನ್ನು ಕಂಡು ನಾನೂ ಅಳೆಯುವುದನ್ನು ಬಿಟ್ಟು ಉರುಳುವುದನ್ನೇ ನೋಡಿದೆ. ಉಳಿದವುಗಳಲ್ಲಿ ಹೆಚ್ಚಿನವು ಒಡೆದವು.

ನಾಲ್ಕನೆಯದರಲ್ಲಿ ಬಿಲ್ಲೆಗಳು ಜೋಡಿಯಾಗಿ ಹಾರುತ್ತವೆ. ಹತ್ತಿರದ್ದಕ್ಕೆ ಸಡಿಲ ಬಾಯಿಯ ನಳಿಗೆ, ದೂರದ್ದಕ್ಕೆ ಬಿಗಿಯದು. ಅಂಗಡಿಯವರು ಹೇಳಿದ್ದು ಆಗ ಕೈಗೆ ಅರ್ಥವಾಯಿತು. ಅಲ್ಲಿ ಒಂದೂ ತಪ್ಪಲಿಲ್ಲ. ಗುಂಪು ನಿಧಾನವಾಗಿ ನನ್ನ ಹಿಂದೆ ಕೂಡಿಕೊಂಡಿತು. ನಾನೂ ಸುಬೇದಾರರೂ ಹೆಚ್ಚುಕಡಿಮೆ ಸಮ ಎಂದು ಯಾರೋ ಹೇಳಿದರು. ನಾನು ಕೇಳಿಸಿಕೊಳ್ಳದಿರಲು ನೋಡಿದೆ.

ಕೊನೆಯ ಜಾಗದಲ್ಲಿ ಬಿಲ್ಲೆ ಲಂಟಾನ ಪೊದೆಗಳ ಹಿಂದಿನಿಂದ ಚಿಮ್ಮುತ್ತಿತ್ತು. ಕೊನೆಯ ಬಿಲ್ಲೆ. ಸುಬೇದಾರರು ನಲವತ್ತೊಂದಕ್ಕೆ ಮುಗಿಸಿದ್ದರು, ನನ್ನದು ನಲವತ್ತು. ಬಿಡಿ ಎಂದೆ. ಬಿಲ್ಲೆ ಎದ್ದಿತು. ಅದರ ಜೊತೆಗೇ, ಯಂತ್ರದ ಸದ್ದಿಗೆ ಬೆದರಿ, ಪೊದೆಯೊಳಗಿದ್ದ ಗೌಜಲಹಕ್ಕಿಯೊಂದು ರೆಕ್ಕೆ ಬಡಿಯುತ್ತಾ ಅದೇ ದಿಕ್ಕಿಗೆ ಎದ್ದಿತು. ಬಿಲ್ಲೆಯೂ ಹಕ್ಕಿಯೂ ಒಂದು ಕ್ಷಣ ಅಕ್ಕಪಕ್ಕ ಹಾರಿದವು. ನನ್ನ ಕೋವಿ ನಿಂತುಹೋಯಿತು. ಹಕ್ಕಿ ಕೆರೆಯ ಏರಿಯ ಆಚೆಗೆ ಮರೆಯಾಯಿತು. ಬಿಲ್ಲೆ ಇಳಿದು ಕೆರೆಯ ಒಣಮಣ್ಣಿನ ಮೇಲೆ ಇಡಿಯಾಗಿ ಬಿತ್ತು. ನಾನು ಟ್ರಿಗರ್ ಒತ್ತಿರಲೇ ಇಲ್ಲ.

ಗುಂಪಿನಲ್ಲಿ ಗದ್ದಲ ಎದ್ದಿತು. ಇನ್ನೊಂದು ಬಿಲ್ಲೆ ಕೊಡಬೇಕೆಂದು ಕೆಲವರು, ಕೊಡಿ ಎಂದು ಸುಬೇದಾರರೂ. ತೋಟದ ಯಜಮಾನರು ಹ್ಯಾಟು ತೆಗೆದು ನನ್ನ ಕಡೆ ತಿರುಗಿದರು. "ಬಿಲ್ಲೆ ಸರಿಯಾಗಿ ಬಂದುಂಟು. ನೀವು ಹೊಡೆದಿಲ್ಲ. ನಿಯಮ ಹೇಳೋದಾದ್ರೆ ಹೋಯ್ತು. ನೀವು ಏನು ಹೇಳ್ತೀರಿ?"

ಹೋಯಿತು ಎಂದೇ ನಾನೂ ಹೇಳಿದೆ. ಅದು ನಿಜವಾಗಿತ್ತು. ಕೋವಿ ಮಡಚಿ, ಹಾರದೆ ಉಳಿದ ತೋಟಾ ತೆಗೆದು ಜೇಬಿಗೆ ಹಾಕಿಕೊಂಡೆ. ಗೆದ್ದ ಸುಬೇದಾರರು ಬಂದು ನನ್ನ ಎಡಗೈಯನ್ನೇ ಹಿಡಿದು ಕುಲುಕಿದರು. ಎರಡನೆಯವನೆಂದು ನನಗೊಂದು ಹಿತ್ತಾಳೆಯ ಲೋಟ ಕೊಟ್ಟರು.

ಬಿಸಿಲು ಇಳಿಯುತ್ತಿತ್ತು. ಜನ ಚದುರುತ್ತಿದ್ದರು. ಪೆಟ್ಟಿಗೆಯಲ್ಲಿ ಇನ್ನೂ ಒಂದಷ್ಟು ಬಿಲ್ಲೆಗಳು ಉಳಿದಿವೆ, ವಾಪಸು ಹೊತ್ತುಕೊಂಡು ಹೋಗಲು ತಮಗೆ ಇಷ್ಟವಿಲ್ಲ, ಯಾರಿಗಾದರೂ ಬೇಕೆ ಎಂದು ತೋಟದ ಯಜಮಾನರು ಕೇಳಿದರು. ಹುಣಿಸೆ ಮರದ ಕೆಳಗಿನಿಂದ ಅಪ್ಪ ಎದ್ದು ಬಂದರು. ಪಂಚೆ ಎತ್ತಿ ಕಟ್ಟಿ, ನನ್ನ ಕೈಯಿಂದ ಕೋವಿ ತೆಗೆದುಕೊಂಡರು. ನೆಟ್ಟಗಿನ ಮರವಾದ್ದರಿಂದ ಅದು ಅವರ ಬಲಭುಜಕ್ಕೂ ಕೂತಿತು. ಅಷ್ಟು ವರ್ಷ ಕೋವಿ ಹಿಡಿದವರು ಯಾವುದಕ್ಕೂ ಗುರಿ ಇಟ್ಟವರಲ್ಲ. ಆಕಾಶಕ್ಕೆ ಹೊಡೆದು ಅಭ್ಯಾಸ.

ಮೊದಲ ಬಿಲ್ಲೆಗೆ ನಳಿಗೆ ಬಹಳ ಮೇಲೆ ಹೋಯಿತು. ಎರಡನೆಯದಕ್ಕೂ ಹಾಗೆಯೇ. ಅಪ್ಪ ತಾವೇ ನಕ್ಕರು, ಆಕಾಶದ್ದು ರೂಢಿಯಾಗಿಬಿಟ್ಟಿದೆ ಎಂದರು. ಮೂರನೆಯದಕ್ಕೆ ಮುಂಡಾಸು ತೆಗೆದು ನನ್ನ ಕೈಗೆ ಕೊಟ್ಟರು. ಬಿಲ್ಲೆ ಅಡ್ಡಕ್ಕೆ ಹಾಯಿತು. ಅಪ್ಪನ ಸೊಂಟ, ಹೆಗಲು, ಕೋವಿ ಮೂರೂ ಕವಣೆ ಬೀಸುವವನಂತೆ ಒಟ್ಟಿಗೆ ತಿರುಗಿದವು. ಬಿಲ್ಲೆ ಒಡೆದು ಕಪ್ಪು ಪುಡಿ ಗಾಳಿಗೆ ಹಾರಿತು. ಅಪ್ಪ ಕೋವಿ ಇಳಿಸದೆ, ಪುಡಿ ಕೆಳಗಿಳಿದು ಕಾಣದಾಗುವವರೆಗೂ ನೋಡುತ್ತಾ ನಿಂತರು.

ಊರ ಕಡೆ ಹೊರಟಿದ್ದ ಖಾಲಿ ಲಾರಿಯೊಂದರಲ್ಲಿ ಜಾಗ ಸಿಕ್ಕಿತು. ಹಿಂದುಗಡೆ, ಈರುಳ್ಳಿ ಸಿಪ್ಪೆಗಳ ನಡುವೆ ಕೂತೆವು. ಎರಡು ಮಾತಿಗೆ ನಾಲ್ಕು ಗಳಿಗೆ ತೆಗೆದುಕೊಳ್ಳುವ ಅಪ್ಪ ಅಂದು ದಾರಿಯುದ್ದಕ್ಕೂ ಮಾತಾಡಿದರು. ಬಿಲ್ಲೆ ಹೇಗೆ ಎದ್ದಿತು, ಎಲ್ಲಿ ಒಡೆಯಿತು, ಸುಬೇದಾರರು ಕಾಲು ಹೇಗೆ ಊರುತ್ತಾರೆ, ಮೊಲದ ಬಿಲ್ಲೆಗೆ ನಮ್ಮ ಹೊಲದಲ್ಲಿ ಏನು ಉರುಳಿಸಬಹುದು. ಗೌಜಲಹಕ್ಕಿಯ ವಿಷಯವನ್ನೂ ಎತ್ತಿದರು. ಜೀವ ಉಳಿಸಿದೆ, ಅವ್ವನಿಗೆ ಹೇಳಿದರೆ ಹಿಗ್ಗುತ್ತಾಳೆ ಎಂದರು.

ಆ ಹೊಗಳಿಕೆಯನ್ನು ಇಟ್ಟುಕೊಳ್ಳಲು ನನ್ನಿಂದಾಗಲಿಲ್ಲ. ಉಳಿಸಬೇಕೆಂದು ಕೈ ತಡೆದವನಲ್ಲ ನಾನು. ಹಕ್ಕಿ ಎದ್ದೊಡನೆ ಕಣ್ಣು ಬಿಲ್ಲೆಯನ್ನು ಬಿಟ್ಟು ಅದರ ಹಿಂದೆ ಹೋಗಿತ್ತು, ಕಣ್ಣು ಹೋದ ಮೇಲೆ ಕೈ ನಿಂತಿತು, ಅಷ್ಟೇ. ಅದನ್ನೇ ಅಪ್ಪನಿಗೆ ಹೇಳಿದೆ. ದಯೆಯಲ್ಲ, ಗುರಿ ತಪ್ಪಿದ್ದು ಎಂದೆ.

ಅಪ್ಪ ಲಾರಿಯ ಹಲಗೆಗೆ ಒರಗಿ, ಹಿಂದೆ ಸರಿಯುತ್ತಿದ್ದ ರಸ್ತೆಯ ಕಡೆ ತಿರುಗಿದರು.

"ಯಾವ್ದಾದ್ರೇನ್ಲಾ," ಎಂದರು. "ಅಕ್ಕಿ ಓಯ್ತಲ್ಲ ಅದ್ರ ಪಾಡ್ಗೆ. ಅದ್ಕೇನ್ ಗೊತ್ತು ನಿನ್ ಕಣ್ಣು, ನಿನ್ ದಯೆ."

ಆಮೇಲೆ ಇನ್ನೂ ಮೂರು ವರ್ಷ ಪಂದ್ಯ ನಡೆಯಿತು. ಒಂದು ಸಲ ನಾನು ಮೊದಲನೆಯವನಾದೆ, ನಲವತ್ತನಾಲ್ಕು ಒಡೆದು. ಇನ್ನೊಂದು ಸಲ ಚಳಿಜ್ವರ ಬಂದು ಮೂವತ್ತನ್ನೂ ದಾಟಲಿಲ್ಲ. ತೋಟದ ಯಜಮಾನರು ತೀರಿಕೊಂಡ ಮೇಲೆ ಯಂತ್ರ ಘಟ್ಟ ದಾಟಿ ಬರಲಿಲ್ಲ. ಅವರ ಜಾಗ ಹಿಡಿಯುವವರು ನಮ್ಮ ಕಡೆ ಯಾರೂ ಇರಲಿಲ್ಲ. ಕೆರೆಗೆ ನೀರು ಬಂದ ವರ್ಷ ಆ ಗುಂಡಿಯೂ ತುಂಬಿಹೋಯಿತು. ಗುಂಡ್ಲುಪೇಟೆಗೆ ಹೋದಾಗ ನಾನು ಏರಿಯ ಮೇಲೆ ನಿಂತು, ಲಂಟಾನ ಪೊದೆಗಳು ಯಾವ ಕಡೆ ಇದ್ದವೆಂದು ಗುರುತು ಹಿಡಿಯಲು ನೋಡುತ್ತಿದ್ದೆ. ನೀರಿನ ಮೇಲೆ ಬಾತುಕೋಳಿಗಳು ತೇಲುತ್ತಿದ್ದವು, ಮಂಡಿಗೆ ಹೋಗುವ ಲಾರಿಗಳು ಹಾರನ್ ಹಾಕಿಕೊಂಡು ಹಿಂದೆ ಹಾಯುತ್ತಿದ್ದವು.